ಎನ್ ನೆತ್ತಿಯ ಮೇಲಿನ ಅಲೆ: ಓದುವುದು, ಒತ್ತುವುದು, ಕನ್ನಡಕ್ಕೆ ತರುವುದು

ಮುಂಗಾರು ಕೈಕೊಡುವ ಲಕ್ಷಣ ಕಂಡ ವರ್ಷಗಳಲ್ಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಎಲ್ ನಿನೋ’ ಕಾಣಿಸಿಕೊಳ್ಳುತ್ತದೆ. 2023ರ ಬರದ ಕಾಲದಲ್ಲಂತೂ ಕೆರೆಕಟ್ಟೆಗಳ ಸುದ್ದಿಯ ಪಕ್ಕದಲ್ಲೇ ಅದು ಇರುತ್ತಿತ್ತು. ಪೆರು ದೇಶದ ಕರಾವಳಿಯ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚನೆಯ ಕಡಲ ಪ್ರವಾಹಕ್ಕೆ ಇಟ್ಟ ಹೆಸರು ಅದು. ಪದದ ಅರ್ಥ ‘ಗಂಡು ಮಗು’. ಅವರ ಮನಸ್ಸಿನಲ್ಲಿದ್ದದ್ದು ಬಾಲಯೇಸು. ಆದರೆ ಅವರು ಅದನ್ನು ‘ನಿನೋ’ ಎನ್ನುವುದಿಲ್ಲ, ‘ನೀಞೋ’ ಎನ್ನುತ್ತಾರೆ. ಎರಡನೆಯ ಎನ್ ಅಕ್ಷರದ ನೆತ್ತಿಯ ಮೇಲೆ ಹಾವಿನ ಮರಿಯಂತೆ ಹೊರಳಿದ ಒಂದು ಸಣ್ಣ ಗೆರೆ ಇದೆ. ಸುದ್ದಿ ಸಂಸ್ಥೆಯ ಇಂಗ್ಲಿಷ್ ಪ್ರತಿಯಲ್ಲಿ ಆ ಗೆರೆ ಉದುರಿಹೋಯಿತು, ನಾವು ಉದುರಿದ್ದನ್ನೇ ಕನ್ನಡಕ್ಕೆ ತಂದೆವು.

ಈ ಅಕ್ಷರದ ಸ್ಪ್ಯಾನಿಷ್ ಹೆಸರು ‘ಎಞೆ’. ಮುಂದೆಲ್ಲ ಹಾಗೆಯೇ ಕರೆಯುತ್ತೇನೆ. ಊರಿನ ಹೆಸರು, ಆಟಗಾರನ ಹೆಸರು, ಪಿಜ್ಜಾದ ಮೇಲಿನ ಮೆಣಸಿನಕಾಯಿ, ಸಂಸ್ಕೃತ ಶ್ಲೋಕದ ರೋಮನ್ ಲಿಪ್ಯಂತರ ಎಲ್ಲದರಲ್ಲೂ ಇದು ಎದುರಾಗುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಧ್ವನಿಯಲ್ಲ. ಅನುವಾದ ಮಾಡುವವರಿಗೆ, ಹೊಸ ಭಾಷೆ ಕಲಿಯುವವರಿಗೆ, ಹೆಸರು ತಪ್ಪಿದರೆ ಮುಜುಗರಪಡುವ ಎಲ್ಲರಿಗೂ ಉಪಯೋಗವಾಗಲಿ ಎಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಲಿಗೆಗೆ ಜಾಗ ತೋರಿಸಿ

ಇಂಗ್ಲಿಷ್ ಬಲ್ಲವರಿಗೆ ಈ ಧ್ವನಿಯನ್ನು ಕಲಿಸಲು ಪುಸ್ತಕಗಳು ಹರಸಾಹಸ ಮಾಡುತ್ತವೆ. ಕನ್ನಡಿಗರಿಗೆ ಅಷ್ಟು ಕಷ್ಟ ಬೇಕಿಲ್ಲ. ಮಂಗ, ಮಂಜು, ಮಂಡಿ, ಮಂದಿ: ಈ ನಾಲ್ಕು ಪದಗಳನ್ನು ಒಂದರ ಹಿಂದೆ ಒಂದರಂತೆ ನಿಧಾನವಾಗಿ ಹೇಳಿ. ಬರೆಯುವಾಗ ನಾಲ್ಕಕ್ಕೂ ಅದೇ ಸೊನ್ನೆ. ಬಾಯಲ್ಲಿ ಮಾತ್ರ ನಾಲ್ಕೂ ಬೇರೆ. ‘ಮಂಗ’ ಎನ್ನುವಾಗ ನಾಲಿಗೆಯ ಬುಡ ಗಂಟಲ ಕಡೆ ಏಳುತ್ತದೆ, ಅದು ಙ. ‘ಮಂಡಿ’ಯಲ್ಲಿ ತುದಿ ಹಿಂದಕ್ಕೆ ಮಡಚುತ್ತದೆ, ಅದು ಣ. ‘ಮಂದಿ’ಯಲ್ಲಿ ತುದಿ ಹಲ್ಲಿಗೆ ತಾಗುತ್ತದೆ, ಅದು ನ. ‘ಮಂಜು’ ಎನ್ನುವಾಗ ನಾಲಿಗೆಯ ನಡುಭಾಗ ಅಂಗುಳಿಗೆ ಅಂಟಿಕೊಳ್ಳುತ್ತದೆ. ಅದೇ ಞ.

ಈಗ ‘ಮಂಜು’ ಎಂದು ಶುರುಮಾಡಿ, ‘ಜು’ ಬರುವ ಮೊದಲೇ ನಿಲ್ಲಿಸಿ. ಮೂಗಿನಲ್ಲಿ ಗುಂಯ್ ಎನ್ನುತ್ತಿರುವಾಗಲೇ ‘ಜು’ ಬಿಟ್ಟು ‘ಓ’ ಎಂದು ಬಾಯಿ ತೆರೆಯಿರಿ. ‘ಮಞೋ’ ಎಂದು ಬರುತ್ತದೆ. ಐದಾರು ಸಲ ಹೇಳಿದ ಮೇಲೆ ಮೊದಲಿನ ಮಕಾರವನ್ನು ತೆಗೆದು ‘ಞೋ’ ಎಂದಷ್ಟೇ ಹೇಳಿ. ಮಲಯಾಳಿ ಗೆಳೆಯರಿದ್ದರೆ ಇನ್ನೂ ಸುಲಭ: ಅವರು ತಮ್ಮನ್ನು ‘ಞಾನ್’ ಎಂದು ಕರೆದುಕೊಳ್ಳುವುದನ್ನು ಕೇಳಿಸಿಕೊಂಡರೆ ಸಾಕು. ತಮಿಳರ ಭಾನುವಾರವೂ ‘ಞಾಯಿರು’. ನಮ್ಮಲ್ಲಿ ಈ ಅಕ್ಷರ ಸ್ವರದೊಂದಿಗೆ ಸ್ವತಂತ್ರವಾಗಿ ಕೂಡುವುದು ಅಪರೂಪ. ಮಕ್ಕಳ ಅಕ್ಷರಪಟದಲ್ಲಿ ಅ ಎಂದರೆ ಅರಸ, ಆ ಎಂದರೆ ಆನೆ ಎಂದು ಹೆಚ್ಚಿನವಕ್ಕೆ ಚಿತ್ರವಿದ್ದರೆ, ಞ ಚಿತ್ರವಿಲ್ಲದ ಚೌಕದಲ್ಲಿ ಬಡಪಾಯಿಯಂತೆ ಕುಳಿತಿರುತ್ತದೆ. ಅದಕ್ಕೊಂದು ಕೆಲಸ ಸಿಗುವುದು ಇಲ್ಲಿ.

ಅಕ್ಷರ ಯಾರದ್ದು ಎಂದು ಕೇಳಿ

ಉಚ್ಚಾರ ಹೇಗೆ ಎಂದು ಕೇಳುವ ಮುಂಚೆ ಪದ ಯಾವ ಭಾಷೆಯದು ಎಂದು ಕೇಳಬೇಕು. ಹತ್ತರಲ್ಲಿ ಒಂಬತ್ತು ತಪ್ಪುಗಳು ಈ ಕ್ರಮವನ್ನು ತಿರುಗಿಸುವುದರಿಂದ ಆಗುತ್ತವೆ.

ಸ್ಪ್ಯಾನಿಷ್ ಆದರೆ ಕಣ್ಣುಮುಚ್ಚಿ ಞ ಎನ್ನಿ. ಮಧ್ಯಯುಗದ ಲಿಪಿಕಾರರು ಚರ್ಮದ ಹಾಳೆ ಮತ್ತು ಶ್ರಮ ಉಳಿಸಲು ಜೋಡಿ ಎನ್ ಬರೆಯುವ ಬದಲು ಒಂದು ಎನ್ ಬರೆದು ಮೇಲೊಂದು ಗೆರೆ ಎಳೆಯುತ್ತಿದ್ದರು. ನಾವು ಅನುನಾಸಿಕವನ್ನು ಸೊನ್ನೆಗೆ ಇಳಿಸಿದಂತೆಯೇ ಇದೂ ಒಂದು ಜಿಪುಣತನ. ಲ್ಯಾಟಿನ್ನಿನ ‘ಆನ್ನುಸ್’, ಅಂದರೆ ವರ್ಷ, ಹೀಗೆ ‘ಆಞೊ’ ಆಯಿತು. ಆಮೇಲೆ ಬೇರೆ ಬೇರೆ ಮೂಲದ ಧ್ವನಿಗಳೆಲ್ಲ ಅದೇ ಅಕ್ಷರದ ಮನೆಗೆ ಬಂದವು: ‘ಪುಗ್ನುಸ್’ ಎಂಬುದು ‘ಪೂಞೊ’ ಆಗಿ ಮುಷ್ಟಿ ಎಂಬ ಅರ್ಥದಲ್ಲಿ ಉಳಿಯಿತು, ‘ಔತುಮ್ನುಸ್’ ಎಂಬ ಶರತ್ಕಾಲ ‘ಒತೋಞೊ’ ಆಯಿತು, ‘ಹಿಸ್ಪಾನಿಯಾ’ ‘ಎಸ್ಪಾಞಾ’ ಆಯಿತು.

ಒಂದು ಎಚ್ಚರಿಕೆ. ಸ್ಪ್ಯಾನಿಷರ ಮುಂದೆ ಇದನ್ನು ‘ಗುರುತು ಹಾಕಿದ ಎನ್’ ಎನ್ನಬೇಡಿ. ಅವರಿಗೆ ಇದು ಸ್ವತಂತ್ರ ಅಕ್ಷರ, ಇಪ್ಪತ್ತೇಳರ ವರ್ಣಮಾಲೆಯಲ್ಲಿ ಹದಿನೈದನೆಯದು. ನಮ್ಮ ‘ಣ’ವನ್ನು ಯಾರಾದರೂ ‘ಬೇರೆ ಥರದ ನ’ ಎಂದರೆ ನಮಗೆ ಹೇಗಾದೀತೋ ಹಾಗೆ. ಗೆರೆಯನ್ನು ‘ಟಿಲ್ಡೆ’ ಎಂದರೂ ಗೊಂದಲವೇ, ಏಕೆಂದರೆ ಆ ಪದ ಕೇಳಿದರೆ ಅವರಿಗೆ ಮೊದಲು ನೆನಪಾಗುವುದು ಸ್ವರಗಳ ಮೇಲಿನ ಓರೆಗೆರೆ. ಎಞೆಯ ಅಲೆಗೆ ‘ವಿರ್ಗುಲೀಯಾ’ ಎಂಬ ಪ್ರತ್ಯೇಕ ಹೆಸರಿದೆ.

ಗೆರೆ ಬಿಟ್ಟರೆ ಏನಾದೀತು ಎನ್ನುವವರಿಗೆ ಕೆಲವು ಜೋಡಿಗಳು. ‘ಊಞಾ’ ಎಂದರೆ ಉಗುರು, ‘ಊನಾ’ ಎಂದರೆ ಒಂದು. ‘ಕಾಂಪಾಞಾ’ ಪ್ರಚಾರ, ‘ಕಾಂಪಾನಾ’ ಗಂಟೆ. ‘ಮೋಞೊ’ ತುರುಬು, ‘ಮೋನೊ’ ಕೋತಿ. ಇನ್ನು ‘ಆಞೊ’ ವರ್ಷವಾದರೆ ‘ಆನೊ’ ಗುದದ್ವಾರ. ಹೊಸ ವರ್ಷದ ಶುಭಾಶಯವನ್ನು ಗೆರೆಯಿಲ್ಲದೆ ಕಳುಹಿಸಿದವರು ಏನನ್ನು ಹಾರೈಸಿದಂತಾಯಿತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಸ್ಪೇನಿನೊಳಗೇ ಇರುವ ಇತರ ಭಾಷೆಗಳಲ್ಲಿ ಗಲೀಶಿಯನ್ನಿಗೂ ಇದು ಞ, ‘ಆ ಕೊರೂಞಾ’ ಎಂಬ ಬಂದರು ನಗರದ ಹೆಸರಿನಲ್ಲಿರುವಂತೆ. ಬಾಸ್ಕ್ ಭಾಷೆಗೂ ಅದೇ, ‘ಇಞಾಕಿ’ ಎಂಬ ಹೆಸರನ್ನು ಫುಟ್‌ಬಾಲ್ ನೋಡುವವರು ಕೇಳಿರುತ್ತಾರೆ. ಕತಲಾನ್ ಮಾತ್ರ ಇದನ್ನು ಮುಟ್ಟುವುದಿಲ್ಲ. ಎನ್ ಮತ್ತು ವೈ ಜೋಡಿಸಿ ‘ಕತಲೂಞಾ’ ಬರೆಯುತ್ತದೆ.

ಸ್ಪೇನಿನ ಹಡಗುಗಳು ಹೋದಲ್ಲೆಲ್ಲ ಎಞೆಯೂ ಹೋಯಿತು. ಸ್ವಾರಸ್ಯವೆಂದರೆ, ಆಂಡೀಸ್ ಪರ್ವತಗಳ ಜನರ ಬಾಯಲ್ಲಿ ಞ ಧ್ವನಿ ಮೊದಲೇ ಇತ್ತು, ಬಂದದ್ದು ಅಕ್ಷರ ಮಾತ್ರ. ಕೆಚುವಾ ಭಾಷೆಯಲ್ಲಿ ‘ಞಾನ್’ ಎಂದರೆ ದಾರಿ. ಇಂಕಾ ಅರಸರ ಮಹಾಮಾರ್ಗ ‘ಖಪಾಕ್ ಞಾನ್’ 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಲಯಾಳಿಗಳ ‘ನಾನು’ ಇಂಕಾಗಳ ‘ದಾರಿ’ಯಾಗಿರುವುದು ಬರಿಯ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ. ಚಿಲಿಯ ಸ್ಯಾಂಟಿಯಾಗೊದಲ್ಲಿ ‘ಞುಞೋವಾ’ ಎಂಬ ಬಡಾವಣೆಯಿದೆ, ಮಾಪುಚೆ ಜನರ ಭಾಷೆಯಿಂದ ಬಂದ ಹೆಸರು. ಎರಡು ಎಞೆ ಹೊತ್ತು ಕುಳಿತಿದೆ. ಪರಾಗ್ವೆಯ ಗುವರಾನಿ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದೇ ಅಲೆಯನ್ನು ಸ್ವರಗಳ ಮೇಲೆ, ಕೊನೆಗೆ ಜಿ ಅಕ್ಷರದ ಮೇಲೂ ಹಾಕಿಕೊಂಡಿದೆ. ಅಲ್ಲೆಲ್ಲ ಅದು ಮೂಗಿನ ಧ್ವನಿಯ ಗುರುತು.

ಫಿಲಿಪೀನ್ಸ್‌ನಲ್ಲಿ ಇಪ್ಪತ್ತೆಂಟು ಅಕ್ಷರಗಳ ವರ್ಣಮಾಲೆಯಲ್ಲಿ ಎಞೆಗೆ ಸ್ಥಾನವಿದೆ, ಆದರೆ ಹೆಚ್ಚಾಗಿ ಹೆಸರುಗಳಿಗೆ: ಮನಿಲಾ ಪಕ್ಕದ ಪರಞಾಕೆ, ಲಾಸ್ ಪಿಞಾಸ್. ಸಾಮಾನ್ಯ ಪದವಾದರೆ ಅವರು ಎನ್-ವೈ ಜೋಡಿಸುತ್ತಾರೆ. ಅನಾನಸ್ ಎಂಬ ಅರ್ಥದ ‘ಪಿಞಾ’ವನ್ನು ಹಣ್ಣಾಗಿ ಬರೆದರೆ ಒಂದು ರೀತಿ, ಊರಾಗಿ ಬರೆದರೆ ಇನ್ನೊಂದು ರೀತಿ.

ಆಫ್ರಿಕಾದ ಸೆನೆಗಲ್‌ನಲ್ಲಿ ಸ್ಪೇನಿನ ಆಳ್ವಿಕೆ ಇರಲಿಲ್ಲ. ಆದರೂ ವೋಲೋಫ್ ಭಾಷೆಯ ಅಧಿಕೃತ ರೋಮನ್ ಬರವಣಿಗೆಯಲ್ಲಿ ಎಞೆ ಇದೆ, ಧ್ವನಿಯೂ ಞ. ಎರಡು ಎಂಬುದಕ್ಕೆ ‘ಞಾರ್’, ಮೂರಕ್ಕೆ ‘ಞೆಟ್’.

ಇಲ್ಲಿಯವರೆಗೆ ಹಾದಿ ನೇರ. ಇನ್ನು ಎರಡು ತಿರುವುಗಳಿವೆ.

ಕ್ರಿಮಿಯಾದ ತಾತಾರರ ಲ್ಯಾಟಿನ್ ಬರವಣಿಗೆಯಲ್ಲಿ ಎಞೆ ಕಂಡರೆ ಅದು ಞ ಅಲ್ಲ, ಙ. ‘ಮಂಜು’ವಿನ ನಾಲಿಗೆ ಬಿಟ್ಟು ‘ಮಂಗ’ನ ನಾಲಿಗೆಗೆ ಹೋಗಬೇಕು. ಸಮುದ್ರಕ್ಕೆ ಅವರು ಹೇಳುವುದು ‘ದೆಙಿಜ್’, ‘ದೆಞಿಜ್’ ಅಲ್ಲ.

ಎರಡನೆಯ ತಿರುವು ಫ್ರಾನ್ಸಿನ ಪಶ್ಚಿಮ ತುದಿಯ ಬ್ರೆಟನ್ ಭಾಷೆ. ಅಲ್ಲಿ ಎಞೆಗೆ ಸ್ವಂತ ಧ್ವನಿಯೇ ಇಲ್ಲ. ಹಿಂದಿನ ಸ್ವರವನ್ನು ಮೂಗಿನಿಂದ ಹೇಳಿ ಎಂಬ ಸನ್ನೆ ಮಾತ್ರ. ಇದು ವಿಚಿತ್ರವೆನಿಸಿದರೆ ನಮ್ಮ ಕಾದಂಬರಿಗಳನ್ನು ತೆರೆದು ನೋಡಿ. ಪಾತ್ರ ಒಪ್ಪಿಗೆ ಸೂಚಿಸುವಾಗ ‘ಹ್ಞೂಂ’ ಎಂದು ಅಚ್ಚಾಗಿರುತ್ತದೆ. ಆ ಞ ಒತ್ತನ್ನು ಯಾರೂ ಉಚ್ಚರಿಸುವುದಿಲ್ಲ, ಮೂಗಿನಲ್ಲಿ ಗುನುಗುತ್ತಾರೆ ಅಷ್ಟೇ. ಕನ್ನಡದ ಲೇಖಕರೂ ಬ್ರೆಟನ್ ಲಿಪಿಕಾರರೂ ಪರಸ್ಪರ ಪರಿಚಯವಿಲ್ಲದೆ ಒಂದೇ ಉಪಾಯಕ್ಕೆ ಬಂದಿದ್ದಾರೆ.

ಬ್ರೆಟನ್ನರ ಈ ಗೆರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ‘ಫಾಂಶ್’ ಎಂಬುದು ಅಲ್ಲಿನ ಸಾಂಪ್ರದಾಯಿಕ ಹೆಸರು, ಫ್ರೆಂಚಿನ ಫ್ರಾಂಸ್ವಾಗೆ ಸಮಾನ. ಅದನ್ನು ಎಞೆಯಿಂದ ಬರೆಯುತ್ತಾರೆ. 2017ರಲ್ಲಿ ಹುಟ್ಟಿದ ಮಗುವೊಂದಕ್ಕೆ ಆ ಹೆಸರಿಟ್ಟಾಗ ಕ್ಯಾಂಪೆರ್ ನಗರದ ನ್ಯಾಯಾಲಯ ಗೆರೆಯನ್ನು ಒಪ್ಪಲಿಲ್ಲ. ಜನನ ದಾಖಲೆಯಲ್ಲಿ ಬಳಸಬಹುದಾದ ಚಿಹ್ನೆಗಳ ಬಗ್ಗೆ 2014ರಲ್ಲಿ ಹೊರಟ ಸುತ್ತೋಲೆಯ ಪಟ್ಟಿಯಲ್ಲಿ ಅದು ಇರಲಿಲ್ಲ. 2018ರಲ್ಲಿ ರೆನ್ ನಗರದ ಮೇಲ್ಮನವಿ ನ್ಯಾಯಾಲಯ ಗೆರೆಯನ್ನು ಉಳಿಸಿತು. ಅದರ ವಿರುದ್ಧದ ಮೇಲ್ಮನವಿ 2019ರಲ್ಲಿ ವಜಾ ಆಯಿತು. ಅರ್ಧ ಮಿಲಿಮೀಟರ್ ಉದ್ದದ ಗೆರೆಗೆ ಎರಡು ವರ್ಷ.

ಸಂಸ್ಕೃತ, ಕನ್ನಡ ಪದಗಳಲ್ಲಿ ಕಂಡರೆ

ವಿದೇಶಿ ಗ್ರಂಥಾಲಯದ ಸೂಚಿಯಲ್ಲಿಯೋ ವಿದ್ವತ್ ಪುಸ್ತಕದಲ್ಲಿಯೋ ರೋಮನ್ ಲಿಪಿಯ ಭಾರತೀಯ ಪದ ಸಿಕ್ಕರೆ ಲೆಕ್ಕ ಸರಳ. ಸಂಸ್ಕೃತ ಪಂಡಿತರು ಬಳಸುವ ಲಿಪ್ಯಂತರವಾಗಲಿ, 2001ರ ಐಎಸ್‌ಒ 15919 ಮಾನದಂಡವಾಗಲಿ, ಎಞೆ ಎಂದರೆ ಞ. ಮೇಲೆ ಚುಕ್ಕಿಯಿದ್ದ ಎನ್ ಙ, ಕೆಳಗೆ ಚುಕ್ಕಿಯಿದ್ದದ್ದು ಣ, ಏನೂ ಇಲ್ಲದ್ದು ನ. ‘ಜ್ಞಾನ’ದಲ್ಲಿ ಜೆ ಅಕ್ಷರದ ಪಕ್ಕ ಎಞೆ ಬರುತ್ತದೆ. ‘ಪಂಚತಂತ್ರ’ದ ಮೊದಲ ಸೊನ್ನೆಯೂ ಸಾಮಾನ್ಯವಾಗಿ ಎಞೆಯೇ.

ಇದು ಅಕ್ಷರದ ನಕ್ಷೆ, ಉಚ್ಚಾರದ್ದಲ್ಲ. ‘ಜ್ಞ’ವನ್ನು ನಾವು ‘ಗ್ನ’ ಎಂಬಂತೆ, ಹಿಂದಿಯವರು ‘ಗ್ಯ’ ಎಂಬಂತೆ, ಮರಾಠಿಗರು ‘ದ್ನ್ಯ’ ಎಂಬಂತೆ ಹೇಳುತ್ತೇವೆ. ಬರೆದಂತೆ ಹೇಳುವವರು ಯಾರೂ ಇಲ್ಲ. ಯುರೋಪಿನ ವಿದ್ಯಾರ್ಥಿ ‘ಜ್-ಞಾನ’ ಎಂದರೆ ನಗಬೇಡಿ. ಅಕ್ಷರಕ್ಕೆ ನಿಷ್ಠನಾಗಿರುವವನು ಅವನೊಬ್ಬನೇ.

ಬೆರಳಿಗೆ ಬೇಕಾದದ್ದು

ಮೊಬೈಲಿನ ಇಂಗ್ಲಿಷ್ ಕೀಲಿಮಣೆಯಲ್ಲಿ ಎನ್ ಮೇಲೆ ಬೆರಳು ಒತ್ತಿ ಹಿಡಿದರೆ ಎಞೆ ಮೇಲೆ ತೇಲುತ್ತದೆ. ವಿಂಡೋಸ್ ಗಣಕದಲ್ಲಿ ಆಲ್ಟ್ ಕೀಲಿ ಹಿಡಿದು ಬಲಬದಿಯ ಅಂಕಿಗಳಲ್ಲಿ 164 ಒತ್ತಿದರೆ ಚಿಕ್ಕಕ್ಷರ, 165 ಒತ್ತಿದರೆ ದೊಡ್ಡಕ್ಷರ. ಮ್ಯಾಕ್‌ನಲ್ಲಿ ಆಪ್ಷನ್ ಹಿಡಿದು ಎನ್ ಒತ್ತಿ, ಬಿಟ್ಟು, ಮತ್ತೆ ಎನ್ ಒತ್ತಿ. ಸ್ಪ್ಯಾನಿಷ್ ಕೀಲಿಮಣೆಯಲ್ಲಿ ಎಲ್ ಪಕ್ಕದಲ್ಲೇ ಅದಕ್ಕೊಂದು ಸ್ವಂತ ಕೀಲಿ ಇದೆ.

ಆ ಸ್ವಂತ ಕೀಲಿಗಾಗಿ ಸ್ಪೇನ್ ಜಗಳವಾಡಿದೆ. ಎಞೆ ಇಲ್ಲದ ಗಣಕಗಳನ್ನು ದೇಶದಲ್ಲಿ ಮಾರುವಂತಿಲ್ಲ ಎಂಬ ಅದರ ನಿಯಮ ಮುಕ್ತ ಮಾರುಕಟ್ಟೆಗೆ ಅಡ್ಡಿ ಎಂದು 1991ರಲ್ಲಿ ಯುರೋಪಿಯನ್ ಸಮುದಾಯ ಆಕ್ಷೇಪಿಸಿತು. 1993ರಲ್ಲಿ ಸ್ಪೇನ್, ಯುರೋಪಿಯನ್ ಒಕ್ಕೂಟವನ್ನು ರೂಪಿಸಿದ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಸಂಸ್ಕೃತಿಗೆ ಇದ್ದ ವಿನಾಯಿತಿಯನ್ನು ಮುಂದಿಟ್ಟು ಆದೇಶ ಹೊರಡಿಸಿ ಅಕ್ಷರವನ್ನು ಕಾಪಾಡಿಕೊಂಡಿತು. ಅಂಥ ಹಟ ನಮಗೂ ಸಕಾಲದಲ್ಲಿ ಇದ್ದಿದ್ದರೆ ಎಂದು ಕನ್ನಡ ತಂತ್ರಾಂಶಗಳ ಹಳೆಯ ಗೋಳು ಅನುಭವಿಸಿದವರಿಗೆ ಅನಿಸದೆ ಇರದು.

ಹುಡುಕಿದ ಪದ ಕಣ್ಣೆದುರೇ ಇದ್ದರೂ ಗಣಕ ‘ಸಿಗಲಿಲ್ಲ’ ಎಂದರೆ ಕಾರಣ ಇದಿರಬಹುದು: ಗಣಕಗಳ ಅಕ್ಷರಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಎಞೆಯನ್ನು ಎರಡು ರೀತಿ ಬರೆಯಬಹುದು. ಒಂದು, ಇಡಿಯ ಅಕ್ಷರವಾಗಿ. ಇನ್ನೊಂದು, ಬರಿಯ ಎನ್ ಬರೆದು ಅದಕ್ಕೆ ಅಲೆಯನ್ನು ಅಂಟಿಸಿ. ಕಣ್ಣಿಗೆ ಎರಡೂ ಒಂದೇ. ನಮ್ಮ ‘ಕೋ’ ಕೂಡ ಹೀಗೆಯೇ: ಒಂದೇ ಸ್ವರಚಿಹ್ನೆಯಾಗಿಯೂ ಎತ್ವ, ಕೊಂಬು, ದೀರ್ಘ ಬೇರೆಬೇರೆಯಾಗಿಯೂ ದಾಖಲಾಗಬಹುದು. ಪಟ್ಟಿ ತಯಾರಿಸುವವರು ಎಲ್ಲವನ್ನೂ ಇಡಿಯ ಅಕ್ಷರಕ್ಕೆ ಪರಿವರ್ತಿಸಿಟ್ಟುಕೊಳ್ಳುವುದು ಒಳ್ಳೆಯದು.

ವಿಮಾನದ ಟಿಕೆಟ್‌ನಲ್ಲಿ ಗೆರೆ ಮಾಯವಾಗಿದ್ದರೆ ಗಾಬರಿ ಬೇಡ. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಸಾಲುಗಳಲ್ಲಿ ಗುರುತಿಲ್ಲದ ಇಪ್ಪತ್ತಾರು ಅಕ್ಷರಗಳಿಗೆ ಮಾತ್ರ ಅವಕಾಶ. ಎಞೆ ಅಲ್ಲಿ ಎನ್ ಆಗುತ್ತದೆ, ಕೆಲವೊಮ್ಮೆ ಎನ್ ಮುಂದೆ ಎರಡು ಎಕ್ಸ್ ಸೇರುತ್ತವೆ. ವಿದೇಶಿ ಅತಿಥಿಯ ಹೆಸರಿನಲ್ಲಿ ಅರ್ಥವಿಲ್ಲದ ಎರಡು ಎಕ್ಸ್ ಕಂಡರೆ ಅದು ಬೆರಳಚ್ಚಿನ ತಪ್ಪಲ್ಲದಿರಬಹುದು.

ಅಕಾರಾದಿ ಕ್ರಮದಲ್ಲಿ ಜೋಡಿಸುವಾಗ ಸ್ಪ್ಯಾನಿಷ್, ಬಾಸ್ಕ್, ಫಿಲಿಪಿನೊ ಪದಗಳಿಗೆ ಎನ್ ಪೂರ್ತಿ ಮುಗಿದ ಮೇಲೆ ಎಞೆ. ಬ್ರೆಟನ್ ಪದಗಳನ್ನು ಎನ್ ಜೊತೆಗೇ ಸೇರಿಸಿ.

ಗೆರೆ ಇಲ್ಲದಲ್ಲಿ ಎಳೆಯಬೇಡಿ

ಹೊಸದಾಗಿ ಕಲಿತವರ ಉತ್ಸಾಹ ದೊಡ್ಡದು. ಎಞೆ ಗೊತ್ತಾದ ಮೊದಲ ವಾರ ನಾನು ಮೆಣಸಿನಕಾಯಿಗಳ ಕುರಿತ ಬರಹವೊಂದರಲ್ಲಿ ‘ಹಲಪೇಞೊ’ವನ್ನು ಸರಿಯಾಗಿ ಬರೆದು, ಅದೇ ಧಾಟಿಯಲ್ಲಿ ‘ಹಬಞೇರೊ’ ಎಂದೂ ಬರೆದುಬಿಟ್ಟೆ. ಅದು ‘ಅಬನೇರೊ’, ಹವಾನಾ ನಗರದ್ದು ಎಂದರ್ಥ, ಅಲ್ಲಿ ಯಾವ ಅಲೆಯೂ ಇಲ್ಲ. ಮೊದಲ ಅಕ್ಷರವಾದ ಎಚ್ ಕೂಡ ಮೌನಿ. ಒಂದೇ ಪದದಲ್ಲಿ ಎರಡು ತಪ್ಪು; ಖಾರ ಸ್ವಲ್ಪ ಹೆಚ್ಚೇ ಆಯಿತು.

ಇನ್ನೊಂದು ಕಡೆ, ಞ ಧ್ವನಿ ಇದ್ದು ಎಞೆ ಇಲ್ಲದ ಭಾಷೆಗಳಿವೆ. ಇಟಾಲಿಯನ್, ಫ್ರೆಂಚ್ ಜಿ-ಎನ್ ಬರೆಯುತ್ತವೆ, ‘ಲಜಾಞಾ’ದಲ್ಲಿ ಇರುವಂತೆ. ಪೋರ್ಚುಗೀಸ್ ಎನ್-ಎಚ್ ಬರೆಯುತ್ತದೆ. ನಾವು ‘ರೊನಾಲ್ಡಿನೊ’ ಎನ್ನುವ ಆಟಗಾರನ ಹೆಸರಿನ ಕೊನೆ ‘ಞೊ’. ಪೋರ್ಚುಗೀಸಿನಲ್ಲಿ ಅಲೆ ಕಂಡರೆ ಅದು ಸ್ವರದ ಮೇಲೆ, ಸಾವೊ ಪಾವ್ಲೊ ನಗರದ ಹೆಸರಿನ ‘ಆ’ ಮೇಲೆ ಇರುವಂತೆ. ವಿಯೆಟ್ನಾಮಿನ ರೋಮನ್ ಲಿಪಿ ಪೋರ್ಚುಗೀಸ್ ಪಾದ್ರಿಗಳ ಕೈಯಲ್ಲಿ ಬೆಳೆದದ್ದರಿಂದ ಅಲ್ಲಿಯೂ ಎನ್-ಎಚ್. ನಾವು ‘ನಾ ಟ್ರಾಂಗ್’ ಎನ್ನುವ ಕಡಲತೀರದ ಮೊದಲ ಅಕ್ಷರ ನಿಜಕ್ಕೆ ‘ಞಾ’. ಅಲ್ಲಿ ಸ್ವರಗಳ ಮೇಲೆ ಕಾಣುವ ಅಲೆ ಮಾತ್ರ ಬೇರೆ ವಿಷಯ, ಅದು ದನಿಯ ಏರಿಳಿತ.

ಕನ್ನಡದಲ್ಲಿ ಹೇಗೆ ಬರೆಯುವುದು?

‘ನ್ಯ’ವೋ ‘ಞ’ವೋ? ಬಹಳಷ್ಟು ಜನ ‘ನ್ಯ’ ಸಾಕು ಎನ್ನುತ್ತಾರೆ. ಅದರಲ್ಲಿ ಎರಡು ತೊಡಕುಗಳಿವೆ. ಸ್ಪ್ಯಾನಿಷಿನಲ್ಲಿ ‘ಉರಾನ್ಯೊ’ ಎಂದರೆ ಯುರೇನಿಯಂ, ‘ಉರಾಞೊ’ ಎಂದರೆ ಜನರ ಜೊತೆ ಬೆರೆಯದವನು. ಎರಡಕ್ಕೂ ‘ನ್ಯ’ ಬರೆದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಜೊತೆಗೆ, ಕನ್ನಡಿಗರು ಒತ್ತಕ್ಷರದ ಹಿಂದೆ ಭಾರ ಹಾಕುತ್ತೇವೆ. ‘ಕನ್ಯಾ’ ಎನ್ನುವಾಗ ನಾಲಿಗೆ ‘ಕನ್‌-ನ್ಯಾ’ ಎಂದು ಎರಡು ಸಲ ತಾಗುತ್ತದೆ. ‘ನಿನ್ಯೊ’ ಎಂದು ಬರೆದರೆ ಓದುಗರು ‘ನಿನ್‌-ನ್ಯೊ’ ಎನ್ನುತ್ತಾರೆ. ಮೂಲದಲ್ಲಿ ಅದು ‘ನೀ’ ಮತ್ತು ‘ಞೊ’, ನಡುವೆ ಗಂಟಿಲ್ಲ.

ಆದ್ದರಿಂದ ನನ್ನ ರೂಢಿ ಹೀಗೆ: ಭಾಷೆ ಕಲಿಸುವ ಬರಹ, ನಿಘಂಟು, ಉಚ್ಚಾರದ ಟಿಪ್ಪಣಿಯಾದರೆ ಹಿಂಜರಿಯದೆ ಞ. ದಿನಪತ್ರಿಕೆಯ ಸುದ್ದಿಯಾದರೆ ‘ನ್ಯ’, ಏಕೆಂದರೆ ಬೆಳಗಿನ ಕಾಫಿಯ ಜೊತೆ ‘ಞೊ’ ಓದಲು ಎಲ್ಲರಿಗೂ ಪುರುಸೊತ್ತಿರುವುದಿಲ್ಲ. ಹಿಂದಿನ ಸ್ವರವನ್ನು ದೀರ್ಘ ಮಾಡಿದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ, ‘ನೀನ್ಯೊ’ ಎಂಬಂತೆ. ಬರಿಯ ‘ನ’ ಮಾತ್ರ ಬೇಡ. ‘ಎಲ್ ನಿನೋ’ ಬೇರುಬಿಟ್ಟಾಗಿದೆ, ಅದನ್ನು ಕೀಳುವ ಭ್ರಮೆ ನನಗಿಲ್ಲ. ಹೊಸ ಹೆಸರುಗಳಲ್ಲಾದರೂ ಜಾಗ್ರತೆ ವಹಿಸಬಹುದು.

ಈ ನಿಯಮಕ್ಕೆ ಒಂದು ಅಪವಾದವಿದೆ, ಅದು ನಮ್ಮ ಮಂಗಳೂರಿನದೇ. ಸಲ್ಡಾನ್ಹಾ, ನೊರೋನ್ಹಾ ಎಂಬ ಮನೆತನದ ಹೆಸರುಗಳು ಪೋರ್ಚುಗೀಸ್ ಕಾಲದವು, ಅಲ್ಲಿರುವ ಎನ್-ಎಚ್ ಲಿಸ್ಬನ್‌ನಲ್ಲಿ ಞ. ಹಾಗೆಂದು ಯಾರದ್ದೋ ಮದುವೆಯ ಕರೆಯೋಲೆಯಲ್ಲಿ ‘ನೊರೋಞಾ’ ಎಂದು ತಿದ್ದಲು ಹೊರಡಬೇಡಿ. ತಲೆಮಾರುಗಳಿಂದ ಆ ಹೆಸರು ಕೊಂಕಣಿ, ತುಳು, ಕನ್ನಡಗಳ ನಡುವೆ ಬಾಳಿ ತನ್ನದೇ ಉಚ್ಚಾರ ಕಟ್ಟಿಕೊಂಡಿದೆ. ಮನೆಯವರನ್ನೇ ಕೇಳಿ, ಅವರು ಹೇಳಿದಂತೆ ಬರೆಯಿರಿ.